ಪುನರ್ರಚನಾ ಶಸ್ತ್ರಚಿಕಿತ್ಸೆ ಮತ್ತು ರೋಗಿಯ ಮನೋವೇದನೆ

ರೋಗ, ಅಪಘಾತ, ಸುಟ್ಟಗಾಯ ಅಥವಾ ಹುಟ್ಟಿನಿಂದ ಬಂದ ಊನದಿಂದ ಕೆಟ್ಟ ಅಂಗಕ್ಕೆ ರೂಪವನ್ನೂ ಕೆಲಸವನ್ನೂ ಮರಳಿ ಕೊಡುವ ಶಸ್ತ್ರಕ್ರಿಯೆಗೆ ಪುನರ್ರಚನಾ ಶಸ್ತ್ರಚಿಕಿತ್ಸೆ ಎಂದು ಹೆಸರು. ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಮಾಡುವ ಕೆಲಸದ ದೊಡ್ಡ ಪಾಲು ಇದೇ. ಕ್ಯಾನ್ಸರಿಗಾಗಿ ತೆಗೆದ ಸ್ತನವನ್ನು ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಮತ್ತೆ ಕಟ್ಟುವುದು, ಕತ್ತರಿಸಿದ ದವಡೆಯ ಜಾಗದಲ್ಲಿ ಕಾಲಿನ ಮೂಳೆ ಕೂರಿಸುವುದು, ಸುಟ್ಟು ಎದೆಗೆ ಅಂಟಿಕೊಂಡ ಕತ್ತನ್ನು ಬಿಡಿಸುವುದು, ಸೀಳುತುಟಿಯನ್ನು ಕೂಡಿಸುವುದು, ಲಾರಿಯ ಚಕ್ರಕ್ಕೆ ಸಿಕ್ಕ ಕಾಲನ್ನು ಉಳಿಸಿಕೊಳ್ಳುವುದು ಎಲ್ಲವೂ ಇದರೊಳಗೆ ಬರುತ್ತವೆ. ಇಂಥ ಚಿಕಿತ್ಸೆ ಪಡೆದವರಲ್ಲಿ ಅನೇಕರು ಖಿನ್ನತೆ, ಆತಂಕ, ಆಘಾತದ ಮರುನೆನಪು, ತಮ್ಮ ದೇಹದ ಬಗ್ಗೆ ಜಿಗುಪ್ಸೆ, ಜನರಿಂದ ದೂರವಾಗುವಿಕೆ ಮುಂತಾದ ಸಂಕಟಗಳಿಗೆ ಒಳಗಾಗುತ್ತಾರೆ. ಕೀವು, ಹೊಲಿಗೆ ಬಿಡುವುದು, ಕಸಿ ಮಾಡಿದ ಚರ್ಮ ಸಾಯುವುದು ಮೊದಲಾದ ತೊಡಕುಗಳು ಬಂದಾಗ ಈ ಸಂಕಟ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗಾಯದ ಲೆಕ್ಕವನ್ನು ವೈದ್ಯರು ಕೇಸ್ ಶೀಟಿನಲ್ಲಿ ಬರೆದಿಡುತ್ತಾರೆ. ಮನಸ್ಸಿನ ಲೆಕ್ಕ ಅದರಲ್ಲಿ ಬಹುಮಟ್ಟಿಗೆ ಸೇರುವುದೇ ಇಲ್ಲ.

ಚರಿತ್ರೆ

ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ. ಮೂಗು ಕೊಯ್ಯುವುದು ಆ ಕಾಲದಲ್ಲಿ ಶಿಕ್ಷೆಯೂ ಹೌದು, ಶತ್ರುವಿಗೆ ಮಾಡುವ ಅವಮಾನವೂ ಹೌದು. ಆದ್ದರಿಂದ ಈ ಶಸ್ತ್ರಕ್ರಿಯೆ ಮೊದಲಿನಿಂದಲೂ ಮಾನದ ಪ್ರಶ್ನೆಯೊಂದಿಗೇ ಬೆಳೆದುಬಂತು. ಯುರೋಪಿಗೆ ಇದು ವ್ಯಾಪಕವಾಗಿ ತಿಳಿದದ್ದು ಮೈಸೂರಿನ ಯುದ್ಧದ ಒಂದು ಪ್ರಸಂಗದಿಂದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಒಂದು ಪತ್ರ ಪ್ರಕಟಿಸಿತು. ಇಂಗ್ಲಿಷ್ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ಸುಮಾರು ಒಂದು ವರ್ಷ ಹಾಗೇ ಇದ್ದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದನೆಂದೂ ಆ ಪತ್ರ ಹೇಳುತ್ತದೆ. ಮೇಣದಿಂದ ಅಳತೆ ತೆಗೆದ ಬಗೆ, ಚರ್ಮವನ್ನು ತಿರುಗಿಸಿ ಕೂರಿಸಿದ ಬಗೆ ಎಲ್ಲವೂ ಅದರಲ್ಲಿ ವಿವರವಾಗಿದೆ. ಮೂಗಿಲ್ಲದ ಆ ಒಂದು ವರ್ಷ ಅವನು ಹೇಗೆ ಕಳೆದ, ಹೊಸ ಮೂಗಿನೊಂದಿಗೆ ಹೇಗೆ ಬದುಕಿದ ಎಂಬುದಕ್ಕೆ ಅಲ್ಲಿ ಜಾಗ ಸಿಕ್ಕಿಲ್ಲ. ಈ ವರದಿ ಓದಿದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನ ಅನುಸರಿಸಿದ.

ರೋಗಿಯ ಮನಸ್ಸನ್ನು ಶಸ್ತ್ರಕ್ರಿಯೆಯ ಉದ್ದೇಶದೊಳಗೇ ತಂದವನು ಇಟಲಿಯ ಬೊಲೋನ್ಯಾದ ಗಾಸ್ಪರೆ ತಾಲಿಯಾಕೋತ್ಸಿ. 1597ರಲ್ಲಿ ಅಚ್ಚಾದ ಅವನ ಗ್ರಂಥದ ಪ್ರಕಾರ, ಕಳೆದುಹೋದ ಅಂಗವನ್ನು ಮತ್ತೆ ಕಟ್ಟುವುದು ನೋಡುವವರ ಕಣ್ಣಿನ ಸುಖಕ್ಕಿಂತ ನೊಂದವನ ಮನಸ್ಸನ್ನು ಎತ್ತಿ ನಿಲ್ಲಿಸುವುದಕ್ಕಾಗಿ. ಆದರೂ ಆ ಮನಸ್ಸಿಗೆ ಏನಾಗುತ್ತದೆ ಎಂದು ಕೂತು ನೋಡುವ ಕಾಲ ಬರಲು ಮೂರು ಶತಮಾನ ಬೇಕಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಕಂದಕದಿಂದ ತಲೆ ಎತ್ತಿದ ಸೈನಿಕರ ಮುಖಗಳೇ ಗುಂಡಿಗೆ, ಸಿಡಿಚೂರಿಗೆ ಸಿಕ್ಕವು. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ ತೆರೆದ ಕ್ವೀನ್ಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲೀಸ್ ಮತ್ತವರ ತಂಡ 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಕ್ರಿಯೆ ಮಾಡಿತು. ಅಲ್ಲಿನ ವಾರ್ಡುಗಳಲ್ಲಿ ಕನ್ನಡಿ ಇಡುವಂತಿರಲಿಲ್ಲ. ಊರಿಗೆ ಹೋಗುವ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕೂತವರ ಮುಖ ಬೆಚ್ಚಿಬೀಳಿಸಬಹುದು ಎಂದು ದಾರಿಹೋಕರಿಗೆ ಮುನ್ಸೂಚನೆ ಕೊಡುವುದು ಅದರ ಉದ್ದೇಶ. ಕರುಣೆಯಿಂದಲೇ ಮಾಡಿದ ಏರ್ಪಾಡು, ನಿಜ. ಆದರೆ ಕನ್ನಡಿ ಮುಚ್ಚಿಟ್ಟು ಬೆಂಚಿಗೆ ಬಣ್ಣ ಬಳಿದಾಗ ಆ ಸೈನಿಕನಿಗೆ ತನ್ನ ಬಗ್ಗೆ ಏನು ತಿಳಿಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ತೊಡಕಿನ ಪಾಠವೂ ಸಿಡ್‌ಕಪ್ಪಿನಲ್ಲೇ ಸಿಕ್ಕಿತು. 1916ರಲ್ಲಿ ವಿಮಾನ ಅಪಘಾತದಲ್ಲಿ ಮುಖವಿಡೀ ಸುಟ್ಟುಕೊಂಡ ಹೆನ್ರಿ ರಾಲ್ಫ್ ಲಮ್ಲಿ ಎಂಬ ತರುಣ ಅಧಿಕಾರಿಗೆ 1918ರಲ್ಲಿ ಗಿಲೀಸ್ ಎದೆಯ ಚರ್ಮದ ದೊಡ್ಡ ಹಾಳೆಯನ್ನೇ ಒಂದೇ ಸಲಕ್ಕೆ ಮುಖಕ್ಕೆ ಹೊದಿಸಿದರು. ಕಸಿ ಕೊಳೆಯಿತು, ಲಮ್ಲಿ ಉಳಿಯಲಿಲ್ಲ. ಇಂಥ ಕೆಲಸವನ್ನು ಹಂತಹಂತವಾಗಿ, ರೋಗಿ ಚೇತರಿಸಿಕೊಳ್ಳುವ ಬಿಡುವು ಕೊಟ್ಟು ಮಾಡಬೇಕೆಂಬ ನಿಯಮವನ್ನು ಗಿಲೀಸ್ ಮುಂದೆ ಗಟ್ಟಿಯಾಗಿ ಹಿಡಿದರು. ಆ ನಿಯಮ ಜೀವಗಳನ್ನು ಉಳಿಸಿತು. ಅದರ ಜೊತೆಗೇ ವರ್ಷಗಟ್ಟಲೆ ಮುಗಿಯದ ಚಿಕಿತ್ಸೆಯೆಂಬ ಹೊಸ ಬಗೆಯ ದಣಿವೂ ರೋಗಿಯ ಪಾಲಿಗೆ ಬಂತು.

ಎರಡನೆಯ ಮಹಾಯುದ್ಧದಲ್ಲಿ ನ್ಯೂಜಿಲೆಂಡ್ ಮೂಲದ ಆರ್ಚಿಬಾಲ್ಡ್ ಮೆಕಿಂಡೋ ಬೇರೆ ದಾರಿ ಹಿಡಿದರು. ಈಸ್ಟ್ ಗ್ರಿನ್‌ಸ್ಟೆಡ್ಡಿನ ಅವರ ವಾರ್ಡಿನಲ್ಲಿ ಸುಟ್ಟ ವಿಮಾನಚಾಲಕರಿಗೆ ಆಸ್ಪತ್ರೆಯ ಬಟ್ಟೆಯ ಕಡ್ಡಾಯವಿರಲಿಲ್ಲ, ತಮ್ಮ ಸಮವಸ್ತ್ರವನ್ನೇ ತೊಡಬಹುದಿತ್ತು. ವಾರ್ಡಿನಲ್ಲಿ ಬಿಯರ್ ಪೀಪಾಯಿ ಇತ್ತು. ಮೆಕಿಂಡೋ ಊರವರ ಬಳಿ ಹೋಗಿ ಮಾತಾಡಿ, ಈ ಹುಡುಗರನ್ನು ಮನೆಗೆ ಕರೆಯಿರಿ, ಬೀದಿಯಲ್ಲಿ ಸಿಕ್ಕರೆ ಮುಖ ತಿರುಗಿಸಬೇಡಿ ಎಂದು ಒಪ್ಪಿಸಿದರು. ದಿಟ್ಟಿಸಿ ನೋಡದ ಊರು ಎಂದೇ ಅದು ಹೆಸರಾಯಿತು. ರೋಗಿಗಳೇ 1941ರಲ್ಲಿ ಗಿನಿಪಿಗ್ ಕ್ಲಬ್ ಕಟ್ಟಿಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ಅದರಲ್ಲಿ 649 ಸದಸ್ಯರಿದ್ದರು. ಮನೋವೈದ್ಯಕೀಯದ ಪರಿಭಾಷೆ ಏನೂ ಇಲ್ಲದೆ ನಡೆದ ಈ ಪ್ರಯೋಗವನ್ನು ಪುನರ್ರಚನಾ ಚಿಕಿತ್ಸೆಯ ಚರಿತ್ರೆಯ ಅತಿ ದೊಡ್ಡ ಮಾನಸಿಕ ಚಿಕಿತ್ಸೆ ಎಂದರೆ ತಪ್ಪಾಗದು.

ಶಾಸ್ತ್ರೀಯ ಅಧ್ಯಯನವೂ ಆಗಲೇ ಶುರುವಾಯಿತು. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿನ ಬೆಂಕಿಯಲ್ಲಿ 492 ಜನ ಸತ್ತರು. ಬದುಕಿ ಉಳಿದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಸೇರಿದವರನ್ನು ಮನೋವೈದ್ಯರಾದ ಸ್ಟ್ಯಾನ್ಲಿ ಕಾಬ್ ಮತ್ತು ಎರಿಕ್ ಲಿಂಡೆಮನ್ ಪರೀಕ್ಷಿಸಿ, ಸುಟ್ಟಗಾಯದ ಆರೈಕೆಯಷ್ಟೇ ದುಃಖದ ಆರೈಕೆಯೂ ಬೇಕೆಂದು 1943ರಲ್ಲಿ ಬರೆದರು. 1953ರಲ್ಲಿ ಸಮಾಜಶಾಸ್ತ್ರಜ್ಞೆ ಫ್ರಾನ್ಸಸ್ ಮ್ಯಾಕ್‌ಗ್ರೆಗರ್ ಮತ್ತು ಸಂಗಡಿಗರು ಮುಖದ ವಿರೂಪದ ಮೇಲಿನ ಅಧ್ಯಯನವನ್ನು ಪುಸ್ತಕವಾಗಿ ತಂದರು. ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 1980ರಲ್ಲಿ.

ಸಂಕಟದ ಸ್ವರೂಪ

ಮೊದಲ ದಿನಗಳದು ಒಂದು ಬಗೆ. ಸೂಕ್ಷ್ಮದರ್ಶಕದಡಿ ರಕ್ತನಾಳ ಹೊಲಿದು ಕೂರಿಸಿದ ಫ್ಲಾಪ್, ಅಂದರೆ ಬೇರೆಡೆಯಿಂದ ತಂದ ಜೀವಂತ ಮಾಂಸಖಂಡ, ಉಳಿಯುತ್ತದೋ ಇಲ್ಲವೋ ಎಂಬುದು ಮೊದಲ ಎರಡು ಮೂರು ದಿನಗಳಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ. ಹಗಲೂ ರಾತ್ರಿ ಗಂಟೆಗೊಮ್ಮೆ ನರ್ಸ್ ಬಂದು ಅದರ ಬಣ್ಣ, ಬಿಸುಪು, ಒತ್ತಿದಾಗ ರಕ್ತ ಮರಳುವ ವೇಗ ನೋಡುತ್ತಾರೆ. ರೋಗಿಗೆ ನಿದ್ದೆ ಇಲ್ಲ, ಅಲುಗಾಡುವಂತಿಲ್ಲ. ಟಾರ್ಚ್ ಹಿಡಿದು ಬಾಗಿದವರ ಮುಖಭಾವವನ್ನೇ ಓದುತ್ತಾ ಮಲಗಿರಬೇಕು. ಅರಿವಳಿಕೆ, ನೋವಿನ ಔಷಧಿ, ಐಸಿಯುವಿನ ನಿದ್ದೆಗೇಡಿನಿಂದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಭ್ರಮೆ ಹಿಡಿಯುತ್ತದೆ. ಬಡಬಡಿಸುತ್ತಾರೆ, ನಳಿಕೆಗಳನ್ನು ಕೀಳುತ್ತಾರೆ. ಇದು ತಾತ್ಕಾಲಿಕ. ಮನೆಯವರಿಗೆ ಮೊದಲೇ ಹೇಳಿರದಿದ್ದರೆ ಹುಚ್ಚು ಹಿಡಿಯಿತೆಂದು ಕಂಗಾಲಾಗುತ್ತಾರೆ.

ನಿಜವಾದ ಭಾರ ಬೀಳುವುದು ಮನೆಗೆ ಬಂದ ಮೇಲೆ. ಆಸ್ಪತ್ರೆಯಲ್ಲಿ ಎಲ್ಲರೂ ಗಾಯಾಳುಗಳೇ, ಊರಿನಲ್ಲಿ ತಾನೊಬ್ಬನೇ. ರಾತ್ರಿ ಬೆಂಕಿಯ ಕನಸು, ಸೀಮೆಎಣ್ಣೆಯ ವಾಸನೆಗೆ ಎದೆ ಹೊಡೆದುಕೊಳ್ಳುವುದು, ಮಾತುಮಾತಿಗೆ ಸಿಡುಕು, ಸ್ನಾನದ ಹೊತ್ತಿನಲ್ಲಿ ದೇಹ ನೋಡಿಕೊಳ್ಳಲಾರದೆ ಕಣ್ಣು ಮುಚ್ಚುವುದು, ಗಂಡ ಹೆಂಡಿರ ನಡುವೆ ಮಾತಿಲ್ಲದ ದೂರ: ರೋಗಿಗಳು ಹೇಳುವುದು ಇವನ್ನೇ. ಅನೇಕರು ಇವನ್ನೂ ಹೇಳುವುದಿಲ್ಲ. ತಲೆನೋವು, ಸುಸ್ತು, ಎದೆ ಉರಿ, ನಿದ್ದೆ ಬರೋದಿಲ್ಲ ಎಂದಷ್ಟೇ ಹೇಳುತ್ತಾರೆ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಖಿನ್ನತೆ ಬಹುಪಾಲು ಈ ವೇಷದಲ್ಲೇ ಬರುತ್ತದೆ.

ವಿರೂಪ ಎಷ್ಟು ದೊಡ್ಡದೋ ಸಂಕಟವೂ ಅಷ್ಟೇ ದೊಡ್ಡದು ಎಂಬ ಎಣಿಕೆ ಸರಿಯಲ್ಲ. ಈ ಕ್ಷೇತ್ರದ ಸಂಶೋಧನೆಯಲ್ಲಿ ಮತ್ತೆ ಮತ್ತೆ ದೃಢಪಟ್ಟ ಮಾತು ಇದು: ವೈದ್ಯರು ಅಳೆಯುವ ಗಾಯದ ತೀವ್ರತೆಗೂ ರೋಗಿಯ ನರಳಿಕೆಗೂ ಸಂಬಂಧ ತೀರಾ ತೆಳುವಾದದ್ದು. ರೋಗಿ ತನ್ನ ರೂಪಕ್ಕೆ ಎಷ್ಟು ಬೆಲೆ ಕೊಟ್ಟಿದ್ದ, ಶಸ್ತ್ರಕ್ರಿಯೆಯಿಂದ ಏನು ನಿರೀಕ್ಷಿಸಿದ್ದ, ಹಿಂದೆ ಖಿನ್ನತೆ ಇತ್ತೇ, ಮನೆಯಲ್ಲಿ ಯಾರಿದ್ದಾರೆ, ನೋವು ಎಷ್ಟು ದಿನ ಉಳಿಯಿತು, ಕೆಲಸಕ್ಕೆ ಮರಳಿದನೇ ಎಂಬುವು ಹೆಚ್ಚು ನಿರ್ಣಾಯಕ. ಆದ್ದರಿಂದ ಇಷ್ಟು ಚಿಕ್ಕ ಕಲೆಗೆ ಯಾಕಮ್ಮ ಇಷ್ಟು ಅಳು ಎಂದು ಕೇಳುವ ಹಕ್ಕು ಯಾವ ವೈದ್ಯರಿಗೂ ಇಲ್ಲ.

ತೊಡಕು ಬಂದಾಗ

ಪುನರ್ರಚನೆಯ ತೊಡಕುಗಳಿಗೆ ಒಂದು ವಿಶೇಷ ಕ್ರೌರ್ಯವಿದೆ. ಕ್ಯಾನ್ಸರ್ ಗಡ್ಡೆ ತೆಗೆಯುವುದು ಅನಿವಾರ್ಯ. ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳುವುದು ರೋಗಿಯ ಆಯ್ಕೆ. ಆ ಆಯ್ಕೆಯೇ ಕೀವಾಗಿ, ಮತ್ತೊಂದು ಶಸ್ತ್ರಕ್ರಿಯೆಯಾಗಿ, ತಡವಾದ ಕಿಮೋ ಆಗಿ ಎದುರು ನಿಂತಾಗ ನಾನೇ ಬೇಕೆಂದು ಮಾಡಿಸಿಕೊಂಡೆನಲ್ಲ ಎಂಬ ಪಶ್ಚಾತ್ತಾಪ ಕಾಡುತ್ತದೆ. ಅಂಗ ಹೋದ ದುಃಖ ಮೊದಲೇ ಒಂದು ಸಲ ಉಂಡದ್ದು. ಫ್ಲಾಪ್ ಕಪ್ಪಾಗಿ ತೆಗೆದುಹಾಕಬೇಕಾದಾಗ ಅದೇ ದುಃಖ ಎರಡನೆಯ ಸಲ ಬರುತ್ತದೆ, ಈ ಸಲ ಹೊಟ್ಟೆಯ ಮೇಲೂ ಒಂದು ಉದ್ದನೆಯ ಕಲೆಯೊಂದಿಗೆ.

2016ರಲ್ಲಿ ಬ್ರಿಟನ್ನಿನ ಸಂಶೋಧಕರ ಒಂದು ತಂಡ ಶಸ್ತ್ರಚಿಕಿತ್ಸೆಯ ತೊಡಕುಗಳ ಕುರಿತ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಅವುಗಳಲ್ಲಿ ಮೂರರಲ್ಲಿ ಎರಡು ಭಾಗ, ತೊಡಕು ಅನುಭವಿಸಿದವರ ಮಾನಸಿಕ ಮತ್ತು ಸಾಮಾಜಿಕ ಸ್ಥಿತಿ ಉಳಿದವರಿಗಿಂತ ಸ್ಪಷ್ಟವಾಗಿ ಕೆಟ್ಟದ್ದಾಗಿತ್ತೆಂದು ಹೇಳಿದವು. ಕೆಲವರಲ್ಲಿ ಅದು ಒಂದು ವರ್ಷ ಕಳೆದ ಮೇಲೂ ಉಳಿದಿತ್ತು. ಸಂಬಂಧ ಒಂದೇ ದಿಕ್ಕಿನದೂ ಅಲ್ಲ. ಅಮೆರಿಕದ ಓಹಿಯೋದಲ್ಲಿ ಜ್ಯಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನ ಮೇಲೆ ಪುಟ್ಟ ಗಾಯ ಮಾಡಿ ಗಮನಿಸಿದಾಗ, ಅದು ಆರಲು ಇತರರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಒತ್ತಡದ ಹಾರ್ಮೋನುಗಳು ಗಾಯ ಮಾಯುವ ಮೊದಲ ಹಂತದ ಉರಿಯೂತವನ್ನೇ ಕುಂದಿಸುತ್ತವೆ. ಖಿನ್ನತೆಯಲ್ಲಿರುವವರು ಊಟ ಬಿಡುತ್ತಾರೆ, ಬೀಡಿ ಸಿಗರೇಟು ಹೆಚ್ಚಿಸುತ್ತಾರೆ, ವ್ಯಾಯಾಮ ಮಾಡುವುದಿಲ್ಲ, ಡ್ರೆಸ್ಸಿಂಗಿಗೆ ಬರುವುದನ್ನು ತಪ್ಪಿಸುತ್ತಾರೆ. ತೊಡಕು ಮನಸ್ಸನ್ನು ಕೆಡಿಸುತ್ತದೆ, ಕೆಟ್ಟ ಮನಸ್ಸು ಮುಂದಿನ ತೊಡಕಿಗೆ ದಾರಿ ಮಾಡುತ್ತದೆ. ಮನೋಚಿಕಿತ್ಸೆಯನ್ನು ಶಸ್ತ್ರಚಿಕಿತ್ಸೆಯ ನಂತರದ ಉಪಚಾರವೆಂದು ಬಗೆಯದೆ ಅದರ ಅಂಗವೆಂದೇ ಕಾಣಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ವೈದ್ಯರ ನಡವಳಿಕೆಯೂ ಇಲ್ಲಿ ಬಹಳ ಮುಖ್ಯ. ಶಸ್ತ್ರಕ್ರಿಯೆಗೆ ಮುನ್ನ ಹತ್ತು ನಿಮಿಷ ಕೂತು ಮಾತಾಡಿದವರು ತೊಡಕು ಬಂದ ದಿನ ಬಾಗಿಲಲ್ಲೇ ನಿಂತು ಕಿರಿಯರನ್ನು ಮುಂದೆ ಬಿಟ್ಟರೆ, ಕೈಬಿಟ್ಟರೆಂಬ ಭಾವ ರೋಗಿಯಲ್ಲಿ ಬೇರೂರುತ್ತದೆ. ಏನಾಯಿತು, ಯಾಕಾಯಿತು, ಮುಂದೇನು ಎಂದು ಆ ದಿನವೇ ನೇರವಾಗಿ ಹೇಳಿದಲ್ಲಿ ಸಿಟ್ಟು ಬಂದರೂ ನಂಬಿಕೆ ಉಳಿಯುತ್ತದೆ.

ಸ್ತನ

ಸ್ತನ ಪುನರ್ರಚನೆ ಈ ವಿಷಯದಲ್ಲಿ ಅತ್ಯಂತ ಹೆಚ್ಚು ಅಧ್ಯಯನಕ್ಕೆ ಒಳಗಾದ ಕ್ಷೇತ್ರ. ಸಿಲಿಕೋನ್ ಇಂಪ್ಲಾಂಟ್ ಇಡುವುದು ಒಂದು ದಾರಿ, ಹೊಟ್ಟೆ ಅಥವಾ ಬೆನ್ನಿನ ಅಂಗಾಂಶ ತರುವುದು ಇನ್ನೊಂದು. ಅಮೆರಿಕ ಮತ್ತು ಕೆನಡಾದ 11 ಕೇಂದ್ರಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ 2018ರ ವರದಿಯಂತೆ, ಎರಡು ವರ್ಷದೊಳಗೆ 2,343 ಮಹಿಳೆಯರ ಪೈಕಿ ಶೇ. 32.9 ಮಂದಿಗೆ ಏನಾದರೊಂದು ತೊಡಕು ಬಂತು, ಶೇ. 19.3 ಮಂದಿ ಅದಕ್ಕಾಗಿ ಮತ್ತೆ ಶಸ್ತ್ರಕ್ರಿಯೆಗೆ ಒಳಗಾದರು. ಒಳ್ಳೆಯ ಸೌಲಭ್ಯವಿರುವ ಆಸ್ಪತ್ರೆಗಳ ಲೆಕ್ಕ ಇದು. ಮೂವರಲ್ಲಿ ಒಬ್ಬರಿಗೆ ಆಗುವುದನ್ನು ಅಪರೂಪ ಎನ್ನಲಾಗದು, ರೋಗಿಗೆ ಹಾಗೆ ಹೇಳಲೂಬಾರದು.

ಹೊಸ ಸ್ತನಕ್ಕೆ ಆಕಾರವಿರುತ್ತದೆ, ಸ್ಪರ್ಶಜ್ಞಾನ ಬಹಳ ಕಡಿಮೆ. ಬಿಸಿನೀರಿನ ಚೀಲ ಇಟ್ಟುಕೊಂಡು ಗೊತ್ತಿಲ್ಲದೆ ಸುಟ್ಟುಕೊಂಡವರಿದ್ದಾರೆ. ಕನ್ನಡಿಯಲ್ಲಿ ಇದೆ, ಮೈಗೆ ಇಲ್ಲ ಎಂಬ ಈ ವಿಚಿತ್ರ ಅನುಭವದ ಬಗ್ಗೆ ಮೊದಲೇ ಹೇಳಿರದಿದ್ದರೆ ಮಹಿಳೆಯರು ಅದನ್ನು ತಮ್ಮ ದೋಷವೆಂದೇ ತಿಳಿಯುತ್ತಾರೆ. ಶಸ್ತ್ರಕ್ರಿಯೆಯ ಯಶಸ್ಸನ್ನು ರೋಗಿಯ ಬಾಯಿಂದಲೇ ಅಳೆಯಲೆಂದು 2009ರಲ್ಲಿ ಆಂಡ್ರಿಯಾ ಪ್ಯೂಸಿಕ್ ಮತ್ತು ಸಂಗಡಿಗರು ಬ್ರೆಸ್ಟ್-ಕ್ಯೂ ಎಂಬ ಪ್ರಶ್ನಾವಳಿ ರೂಪಿಸಿದರು. ಫೋಟೋ ನೋಡಿ ವೈದ್ಯರು ಅಂಕ ಹಾಕುತ್ತಿದ್ದ ಪದ್ಧತಿಗೆ ಇದು ದೊಡ್ಡ ತಿದ್ದುಪಡಿ.

ತೊಡಕೇ ಆಗದೆಯೂ ಸಂಕಟ ಬರಬಹುದು ಎಂಬುದಕ್ಕೆ ಫ್ರಾನ್ಸಿನ ಪಿಐಪಿ ಹಗರಣ ಸಾಕ್ಷಿ. ಆ ಕಂಪನಿ ವೈದ್ಯಕೀಯಕ್ಕೆ ಒಪ್ಪಿಗೆಯಿಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿದ ಇಂಪ್ಲಾಂಟುಗಳನ್ನು ಮಾರಿದ್ದು 2010ರಲ್ಲಿ ಬಯಲಾಯಿತು; ಸ್ಥಾಪಕನಿಗೆ 2013ರಲ್ಲಿ ಜೈಲುಶಿಕ್ಷೆಯಾಯಿತು. ಇಂಪ್ಲಾಂಟ್ ಒಡೆಯದೆ ಸುಖವಾಗಿದ್ದ ಮಹಿಳೆಯರು ಕೂಡ ಎದೆಯೊಳಗೆ ಏನಿದೆಯೋ ಎಂಬ ಭಯದಲ್ಲಿ ದಿನ ದೂಡಿದರು. 2019ರಲ್ಲಿ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿನ ಸಂಬಂಧ ಕಂಡದ್ದರಿಂದ ಅಲರ್ಗಾನ್ ಕಂಪನಿ ಒರಟು ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಾಗಲೂ ಇದೇ ಆಯಿತು. ಪುನರ್ರಚನೆಯೇ ಬೇಡ, ಸಪಾಟು ಎದೆಯಲ್ಲೇ ಇರುತ್ತೇನೆ ಎನ್ನುವ ಮಹಿಳೆಯರ ದನಿ ಈಗ ಪಶ್ಚಿಮದಲ್ಲಿ ಗಟ್ಟಿಯಾಗಿದೆ. ಭಾರತದಲ್ಲಿ ಪರಿಸ್ಥಿತಿ ತದ್ವಿರುದ್ಧ: ಬಹುತೇಕ ಮಹಿಳೆಯರು ಕಾಯಿಲೆ ಬಲಿತ ಮೇಲೆ ಬರುತ್ತಾರೆ, ಸ್ತನ ತೆಗೆಸಿಕೊಳ್ಳುತ್ತಾರೆ, ಮತ್ತೆ ಕಟ್ಟಿಸಿಕೊಳ್ಳುವ ದಾರಿಯೊಂದಿದೆ ಎಂಬ ಮಾತೇ ಅವರ ಕಿವಿಗೆ ಬೀಳುವುದಿಲ್ಲ.

ಬಾಯಿ ಮತ್ತು ದವಡೆ

ಕರ್ನಾಟಕದ ಓದುಗರಿಗೆ ಹತ್ತಿರದ ವಿಷಯ ಇದು. ಗುಟ್ಕಾ, ಹೊಗೆಸೊಪ್ಪು, ಅಡಿಕೆಯ ಚಟದಿಂದ ಬರುವ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಅತಿ ಸಾಮಾನ್ಯ. ಅಡಿಕೆಯನ್ನು ಅದೊಂದೇ ಇದ್ದರೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಘೋಷಿಸಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಿಗೆ ಹಳ್ಳಿಗಳಿಂದ ಬರುವವರಲ್ಲಿ ಅನೇಕರಿಗೆ ಕೆನ್ನೆ, ದವಡೆ, ಕತ್ತಿನ ಗಂಟುಗಳನ್ನು ಒಟ್ಟಿಗೆ ತೆಗೆಯಬೇಕಾಗುತ್ತದೆ. ಆ ದೊಡ್ಡ ಹಳ್ಳವನ್ನು ತುಂಬಲು ಎದೆಯ ಸ್ನಾಯುವನ್ನು ಚರ್ಮದ ಸಮೇತ ಮೇಲಕ್ಕೆ ತಿರುಗಿಸುವ ವಿಧಾನವನ್ನು ಸ್ಟೀಫನ್ ಆರಿಯನ್ 1979ರಲ್ಲಿ ವಿವರಿಸಿದರು. ಕಾಲಿನ ಮೂಳೆ ತಂದು ದವಡೆ ಕಟ್ಟುವುದು ಇನ್ನೂ ಉತ್ತಮ, 1989ರಿಂದ ಅದು ಬಳಕೆಗೆ ಬಂದಿದೆ. ಆದರೆ ಅದಕ್ಕೆ ಹೆಚ್ಚು ಹೊತ್ತು, ಹಣ, ನುರಿತ ತಂಡ ಬೇಕಾದ್ದರಿಂದ ನಮ್ಮಲ್ಲಿ ಹೆಚ್ಚಿನ ಬಡವರಿಗೆ ಎದೆಯ ಫ್ಲಾಪೇ ಗತಿ.

ಜೀವ ಉಳಿಯುತ್ತದೆ. ಉಳಿದ ಜೀವ ಹೇಗಿರುತ್ತದೆ? ತುಟಿ ಮುಚ್ಚದೆ ಜೊಲ್ಲು ಸುರಿಯುತ್ತದೆ, ಹೆಗಲ ಮೇಲೆ ಸದಾ ಒಂದು ಟವೆಲ್ ಬೇಕು. ಗಂಡಸರ ಎದೆಯ ಚರ್ಮವಾದ್ದರಿಂದ ಬಾಯೊಳಗೆ ಕೂದಲು ಬೆಳೆಯುತ್ತದೆ. ಕರೆಂಟ್ ಕೊಟ್ಟ ಮೇಲೆ, ಅಂದರೆ ರೇಡಿಯೇಷನ್ ಆದ ಮೇಲೆ, ಬಾಯಿ ಒಣಗುತ್ತದೆ, ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಮಾತು ಮನೆಯವರಿಗೆ ಮಾತ್ರ ಅರ್ಥವಾಗುತ್ತದೆ. ಹೊಲಿಗೆ ಬಿಟ್ಟು ಬಾಯಿಂದ ಕತ್ತಿಗೆ ರಂಧ್ರವಾದರೆ ಕುಡಿದ ಗಂಜಿ ಕುತ್ತಿಗೆಯ ಮೇಲೆ ಹರಿಯುತ್ತದೆ, ವಾಸನೆ ಬರುತ್ತದೆ, ವಾರಗಟ್ಟಲೆ ಮೂಗಿನ ನಳಿಕೆಯಲ್ಲೇ ಊಟ. ಮದುವೆ ಮನೆಯ ಪಂಕ್ತಿಯಲ್ಲಿ ಕೂರಲಾರದವನು ಮೊದಲು ಮದುವೆಗೆ ಹೋಗುವುದನ್ನು ಬಿಡುತ್ತಾನೆ, ಆಮೇಲೆ ಅಂಗಡಿ ಕಟ್ಟೆಗೆ, ಆಮೇಲೆ ಮನೆಯವರೊಂದಿಗೆ ಕೂತು ಉಣ್ಣುವುದನ್ನೂ ಬಿಡುತ್ತಾನೆ. ಇದರ ಮೇಲೆ, ಚಟ ಮಾಡಿ ತಂದುಕೊಂಡ ರೋಗ ಎಂಬ ಮಾತು. ತಲೆ ಮತ್ತು ಕತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯ ಜನರಿಗಿಂತ ಗಣನೀಯವಾಗಿ ಹೆಚ್ಚು ಎಂಬುದು ಹಲವು ದೇಶಗಳ ದಾಖಲೆಗಳಲ್ಲಿ ಕಂಡಿದೆ. ಈ ಒಂದು ಸಂಗತಿಗಾಗಿಯೇ ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇವರನ್ನು ಮೊದಲು ಕೇಳಬೇಕು, ಬಾಯಿಬಿಟ್ಟು ಕೇಳಬೇಕು.

ಸುಟ್ಟಗಾಯ ಮತ್ತು ಆಸಿಡ್

2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000. ಅವರಲ್ಲಿ 1,06,000 ಮಂದಿ ಹೆಣ್ಣುಮಕ್ಕಳು, ಅದರಲ್ಲೂ ಹೆಚ್ಚಿನವರು 15ರಿಂದ 34ರ ವಯಸ್ಸಿನವರು. ಬದುಕುಳಿದವರ ಪುನರ್ರಚನೆಯನ್ನು ಈ ಹಿನ್ನೆಲೆ ಬಿಟ್ಟು ನೋಡಲಾಗದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಸ್ಟೌವ್ ಸಿಡಿಯಿತು ಎಂಬ ಹೇಳಿಕೆಯ ಹಿಂದೆ ಏನಿರುತ್ತದೆ ಎಂಬುದನ್ನು ವಿಮೋಚನಾ ಎಂಬ ಮಹಿಳಾ ಸಂಘಟನೆ 1990ರ ದಶಕದಿಂದ ದಾಖಲಿಸುತ್ತಾ ಬಂದಿದೆ. ಹಚ್ಚಿದವರ ಮನೆಗೇ ಮರಳಬೇಕಾದ ಹೆಣ್ಣುಮಗಳಿಗೆ ಚರ್ಮದ ಕಸಿ ಎಷ್ಟು ಚೆನ್ನಾಗಿ ಹಿಡಿದರೇನು? ಕಸಿ ಮಾಡಿದ ಚರ್ಮ ಕುಗ್ಗುತ್ತದೆ. ಪಟ್ಟಿ, ಒತ್ತುಬಟ್ಟೆ, ದಿನನಿತ್ಯದ ವ್ಯಾಯಾಮ ತಿಂಗಳುಗಟ್ಟಲೆ ಬೇಕು. ಮನೆಯಲ್ಲಿ ಆಸರೆಯಿಲ್ಲದವಳ ಕತ್ತು ಮತ್ತೆ ಎದೆಗೆ ಅಂಟುತ್ತದೆ, ಅವಳು ಮತ್ತೆ ಅದೇ ವಾರ್ಡಿಗೆ ಬರುತ್ತಾಳೆ. ಕೇಸ್ ಶೀಟಿನಲ್ಲಿ ಇದಕ್ಕೆ ಬರೆಯುವ ಕಾರಣ ವ್ಯಾಯಾಮ ಮಾಡಲಿಲ್ಲ ಎಂದಷ್ಟೇ.

ಆಸಿಡ್ ದಾಳಿಗೊಳಗಾದವರದು ದೀರ್ಘವಾದ ದಾರಿ. ರೆಪ್ಪೆ, ಮೂಗು, ತುಟಿ, ಕತ್ತು ಒಂದೊಂದಕ್ಕೂ ಬೇರೆ ಬೇರೆ ಶಸ್ತ್ರಕ್ರಿಯೆ, ಒಟ್ಟು ಹತ್ತಾರು. ನಡುನಡುವೆ ನ್ಯಾಯಾಲಯದ ಸಾಕ್ಷಿ, ದಾಳಿಕೋರನ ಮುಖದರ್ಶನ. ಬೆಂಗಳೂರಿನಲ್ಲಿ 1999ರಲ್ಲಿ ತರುಣಿಯೊಬ್ಬಳ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಅಪರಾಧಿಗೆ ಕರ್ನಾಟಕ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟದ್ದು 2006ರಲ್ಲಿ. ಅಷ್ಟು ವರ್ಷಗಳ ಕಾಯುವಿಕೆಯೂ ಗಾಯದ ಭಾಗವೇ. 2013ರಲ್ಲಿ ಆಸಿಡ್ ದಾಳಿ ಪ್ರತ್ಯೇಕ ಅಪರಾಧವಾಯಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಮಾರಾಟಕ್ಕೆ ಕಡಿವಾಣ ಹಾಕಿ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. 2015ರ ಆದೇಶ ಖಾಸಗಿ ಆಸ್ಪತ್ರೆಗಳೂ ಪುನರ್ರಚನಾ ಶಸ್ತ್ರಕ್ರಿಯೆ ಸೇರಿ ಉಚಿತ ಚಿಕಿತ್ಸೆ ಕೊಡಬೇಕೆಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವರನ್ನು ತನ್ನ ವ್ಯಾಪ್ತಿಗೆ ತಂದಿತು.

ಕೈಕಾಲು

ನುಜ್ಜಾದ ಕಾಲನ್ನು ಉಳಿಸಬೇಕೋ ಕತ್ತರಿಸಬೇಕೋ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ನಡೆದ ಲೀಪ್ ಅಧ್ಯಯನ 2002ರಲ್ಲಿ ಅಚ್ಚರಿಯ ಉತ್ತರ ಕೊಟ್ಟಿತು: ಎರಡು ವರ್ಷಗಳ ಕೊನೆಗೆ ಎರಡೂ ಗುಂಪಿನವರ ಬದುಕು ಹೆಚ್ಚುಕಡಿಮೆ ಒಂದೇ. ಕಾಲು ಉಳಿದವರು ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ಅದೇ ರೋಗಿಗಳ ಮನಸ್ಥಿತಿಯ ವರದಿ ಮರುವರ್ಷ ಬಂತು. ಗಾಯವಾಗಿ ಮೂರು ತಿಂಗಳಿಗೆ ಶೇ. 48 ಮಂದಿಯಲ್ಲಿ, ಎರಡು ವರ್ಷಕ್ಕೆ ಶೇ. 42 ಮಂದಿಯಲ್ಲಿ ಮಾನಸಿಕ ಕಾಯಿಲೆಯ ಲಕ್ಷಣ ಕಂಡವು. ಮಾನಸಿಕ ಆರೋಗ್ಯದ ನೆರವು ಸಿಕ್ಕಿದ್ದು ಮೂರು ತಿಂಗಳಲ್ಲಿ ಶೇ. 12 ಮಂದಿಗೆ, ಎರಡು ವರ್ಷಕ್ಕೆ ಶೇ. 22 ಮಂದಿಗೆ. ಅಮೆರಿಕದ ದೊಡ್ಡ ಆಸ್ಪತ್ರೆಗಳ ಸ್ಥಿತಿಯೇ ಹೀಗಿದ್ದರೆ, ಮುರಿದ ಮೂಳೆಯನ್ನು ಹೊರಗಿನಿಂದ ತಂತಿಗಳಲ್ಲಿ ಹಿಡಿದಿಡುವ ಇಲಿಜರೋವ್ ಉಂಗುರವನ್ನು ತಿಂಗಳುಗಟ್ಟಲೆ ಕಾಲಿಗೆ ಹಾಕಿಸಿಕೊಂಡು, ತಂತಿಯ ಬುಡದ ಕೀವು ಒರೆಸಿಕೊಳ್ಳುತ್ತಾ ಮನೆಯ ಜಗಲಿಯಲ್ಲಿ ಕೂತ ನಮ್ಮ ಕೂಲಿಕಾರನನ್ನು ಕೇಳುವವರು ಯಾರು?

ಕುಷ್ಠರೋಗಿಗಳ ಮುದುರಿದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೇರ ಮಾಡುವ ಶಸ್ತ್ರಕ್ರಿಯೆಯನ್ನು 1940ರ ದಶಕದ ಕೊನೆಯಲ್ಲಿ ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಬೆಳೆಸಿದರು. ಶಸ್ತ್ರಕ್ರಿಯೆ ಗೆದ್ದಿತು, ಕೈ ತೆರೆಯಿತು. ಆದರೆ ಮೊದಲ ರೋಗಿಗಳಲ್ಲೊಬ್ಬ ಸಪ್ಪೆ ಮುಖದಿಂದ ಮರಳಿ ಬಂದ: ಈ ಕೈ ನೋಡಿ ಯಾರೂ ಭಿಕ್ಷೆ ಹಾಕುತ್ತಿಲ್ಲ, ಕುಷ್ಠರೋಗಿಯೆಂದು ಕೆಲಸವನ್ನೂ ಮನೆಯನ್ನೂ ಕೊಡುತ್ತಿಲ್ಲ ಎಂದ. ಬ್ರ್ಯಾಂಡ್ ಆಮೇಲೆ ಮರಗೆಲಸ ಮುಂತಾದ ಕಸುಬು ಕಲಿಸುವ ನೆಲೆಯನ್ನೂ ಕಟ್ಟಿದರು.

ಕೈ ಕಸಿಯಲ್ಲಿ ಮನಸ್ಸಿನ ಒಪ್ಪಿಗೆ ಎಷ್ಟು ನಿರ್ಣಾಯಕವೆಂಬುದು 1998ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಕೈ ಕಸಿ ಮಾಡಿಸಿಕೊಂಡ ನ್ಯೂಜಿಲೆಂಡಿನ ಕ್ಲಿಂಟ್ ಹ್ಯಾಲಮ್ ಪ್ರಸಂಗದಿಂದ ತಿಳಿಯಿತು. ಆ ಕೈ ತಮ್ಮದೆಂದು ಅವರಿಗೆ ಅನ್ನಿಸಲೇ ಇಲ್ಲ. ತಿರಸ್ಕಾರ ತಡೆಯುವ ಮಾತ್ರೆಗಳನ್ನು ನಿಲ್ಲಿಸಿದರು, 2001ರ ಫೆಬ್ರವರಿಯಲ್ಲಿ ತಾವಾಗಿ ಕೇಳಿ ತೆಗೆಸಿಕೊಂಡರು. ಅಂದಿನಿಂದ ಇಂಥ ಕಸಿಗೆ ಮುನ್ನ ದೀರ್ಘ ಮಾನಸಿಕ ಪರೀಕ್ಷೆ ಕಡ್ಡಾಯದಂತಾಗಿದೆ. 2005ರಲ್ಲಿ ಫ್ರಾನ್ಸಿನ ಆಮಿಯೆನಿನಲ್ಲಿ ಮೊದಲ ಭಾಗಶಃ ಮುಖ ಕಸಿ ಪಡೆದ ಇಸಬೆಲ್ ದಿನ್ವಾರ್ 2016ರಲ್ಲಿ ತೀರಿಕೊಂಡರು. ಅದಕ್ಕೂ ಮುನ್ನ ದೇಹ ಆ ಮುಖವನ್ನು ತಿರಸ್ಕರಿಸತೊಡಗಿ ತುಟಿಯ ಚಲನೆ ಕುಂದಿತ್ತು. ಭಾರತದಲ್ಲಿ ಎರಡೂ ಕೈಗಳ ಮೊದಲ ಕಸಿ 2015ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಾಯಿತು. 2016ರಲ್ಲಿ ಪುಣೆಯಿಂದ ಮಣಿಪಾಲಕ್ಕೆ ಬರುವಾಗ ಬಸ್ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡ ವಿದ್ಯಾರ್ಥಿನಿಗೆ ಮರುವರ್ಷ ಅಮೃತಾ ಆಸ್ಪತ್ರೆಯಲ್ಲೇ ತರುಣನೊಬ್ಬನ ಕೈಗಳನ್ನು ಕಸಿ ಮಾಡಲಾಯಿತು. ಅವಳು ಆ ಕೈಗಳಿಂದಲೇ ಬರೆದು ಓದು ಮುಂದುವರಿಸಿದಳು.

ಚಿಕಿತ್ಸೆ ಮತ್ತು ಆಸರೆ

ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಗೆ ಮುಂಚಿನ ಮಾತುಕತೆ. ಅತ್ಯುತ್ತಮ ಫಲಿತಾಂಶದ ಚಿತ್ರಗಳ ಜೊತೆ ಸಾಧಾರಣ ಫಲಿತಾಂಶದ, ತೊಡಕಾದ ಚಿತ್ರಗಳನ್ನೂ ತೋರಿಸಬೇಕು. ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚಿ ಕನ್ನಡಿ ಕೊಡುವಾಗ ರೋಗಿಯೊಬ್ಬರನ್ನೇ ಬಿಡಬಾರದು. ನೋಡಲು ಸಿದ್ಧರಿದ್ದಾರೆಯೇ ಎಂದು ಕೇಳಿ, ಪಕ್ಕದಲ್ಲಿ ಕೂತು ತೋರಿಸಬೇಕು. ಖಿನ್ನತೆ ಮತ್ತು ಆತಂಕವನ್ನು ಪತ್ತೆ ಹಚ್ಚಲು 14 ಪ್ರಶ್ನೆಗಳ ಎಚ್ಎಡಿಎಸ್, 9 ಪ್ರಶ್ನೆಗಳ ಪಿಎಚ್‌ಕ್ಯು ಮುಂತಾದ ಸರಳ ಸಾಧನಗಳಿವೆ. ಡ್ರೆಸ್ಸಿಂಗ್ ಕೋಣೆಯ ನರ್ಸ್ ಕೂಡ ಐದೇ ನಿಮಿಷದಲ್ಲಿ ಕೇಳಬಹುದು. ಆಲೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆ, ಆಘಾತಕ್ಕೆ ಕೇಂದ್ರಿತ ಚಿಕಿತ್ಸೆ, ಬೇಕಾದಲ್ಲಿ ಖಿನ್ನತೆಯ ಮಾತ್ರೆಗಳು ಕೆಲಸ ಮಾಡುತ್ತವೆ. ನೋವನ್ನು ಹತೋಟಿಗೆ ತರದೆ ಇವುಗಳಲ್ಲಿ ಯಾವುದೂ ಪೂರ್ತಿ ಫಲ ಕೊಡದು.

ಜನರ ದಿಟ್ಟಿಯನ್ನು ಎದುರಿಸುವ ಕಲೆಯನ್ನು ಕಲಿಸಲು ಸಾಧ್ಯ ಎಂದು ತೋರಿಸಿದವರು ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಜ್. 1970ರಲ್ಲಿ 18ನೆಯ ವಯಸ್ಸಿಗೆ ಕಾರಿನ ಬೆಂಕಿಯಲ್ಲಿ ಮುಖ ಸುಟ್ಟುಕೊಂಡ ಅವರು 1992ರಲ್ಲಿ ಚೇಂಜಿಂಗ್ ಫೇಸಸ್ ಸಂಸ್ಥೆ ಕಟ್ಟಿದರು. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು, ಮಾತನ್ನು ತಾವೇ ಮೊದಲು ಶುರುಮಾಡುವುದು, ಏನಾಯ್ತು ಎಂದು ಕೇಳಿದವರಿಗೆ ಒಂದು ಚಿಕ್ಕ ಉತ್ತರ ಸಿದ್ಧವಿಟ್ಟುಕೊಳ್ಳುವುದು ಮೊದಲಾದ ಸಣ್ಣ ಕೌಶಲಗಳು ಬದುಕನ್ನು ಎಷ್ಟು ಸಲೀಸು ಮಾಡುತ್ತವೆ ಎಂಬುದನ್ನು ಅದು ಸಾವಿರಾರು ಜನರಿಗೆ ಕಲಿಸಿತು. ಅದೇ ಅನುಭವ ದಾಟಿ ಬಂದವರ ಒಂದು ಮಾತು ವೈದ್ಯರ ಹತ್ತು ಮಾತಿಗೆ ಸಮ. ಸ್ತನ ಕ್ಯಾನ್ಸರಿನಲ್ಲಿ ಅಮೆರಿಕದ ಟೆರೀಸ್ ಲ್ಯಾಸರ್ 1952ರಲ್ಲೇ ಇಂಥ ಭೇಟಿಗಳನ್ನು ಆರಂಭಿಸಿದ್ದರು. ಸೀಳುತುಟಿಯ ಮಕ್ಕಳ ತಾಯಂದಿರಿಗೂ ಇದು ಬೇಕು: ಹದಿಹರೆಯದವರೆಗೆ ಹಲವು ಶಸ್ತ್ರಕ್ರಿಯೆಗಳಿರುತ್ತವೆ, ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂಬ ದೂರನ್ನು ಹೊತ್ತವಳು ತಾಯಿಯೇ.

ಕೆಲವರು ಇಷ್ಟೆಲ್ಲ ದಾಟಿ ಹಿಂದಿಗಿಂತ ಗಟ್ಟಿಯಾಗುತ್ತಾರೆ, ಸಂಬಂಧಗಳಿಗೆ ಹೊಸ ಬೆಲೆ ಕಾಣುತ್ತಾರೆ. ಅಧ್ಯಯನಗಳೂ ಇದನ್ನು ಗುರುತಿಸಿವೆ. ಆದರೆ ಧೈರ್ಯವಾಗಿರಬೇಕು ಎಂದು ನೊಂದವರ ಮೇಲೆ ಹೇರುವುದು ಮತ್ತೊಂದು ಹೊರೆ.

ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆ ಮಾದರಿಯಿಂದಲೇ ಹುಟ್ಟಿತು. ಆದರೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ ಆತಂಕಗಳಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪುನರ್ರಚನಾ ಶಸ್ತ್ರಕ್ರಿಯೆ ಮಾಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಆಪ್ತಸಮಾಲೋಚಕರ ಹುದ್ದೆ ಇರಬೇಕು. ಅದಿಲ್ಲದ ವಿಭಾಗವನ್ನು ಪೂರ್ಣ ವಿಭಾಗವೆಂದು ಮಾನ್ಯ ಮಾಡಬಾರದು.

ಶಸ್ತ್ರಕ್ರಿಯೆಯಾದ ಬಂಧುವೊಬ್ಬರು ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಮಾತು ಬಿಟ್ಟು ಕೂತಿದ್ದರೆ ಮುಂದಿನ ಡ್ರೆಸ್ಸಿಂಗಿನ ದಿನ ಅದನ್ನು ವೈದ್ಯರಿಗೆ ಹೇಳಬೇಕು. ಬದುಕಿದ್ದೇನು ಪ್ರಯೋಜನ ಎಂಬ ಮಾತು ಬಂದರೆ ಆ ದಿನಕ್ಕೂ ಕಾಯಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.